ಬರವಣಿಗೆ ಎಲ್ಲಿ ನಡೆಯಬೇಕು? ನ್ಯಾನೋ ಲಿಥೊಗ್ರಫಿಯಲ್ಲಿ ಥ್ರೂಪುಟ್ ಹೆಚ್ಚಿಸುವ ದಾರಿಗಳು

1990ರಲ್ಲಿ ಐಬಿಎಂ ಸಂಸ್ಥೆಯ ಡಾನ್ ಐಗ್ಲರ್ ಮತ್ತು ಎರ್ಹಾರ್ಡ್ ಶ್ವೈಟ್ಸರ್ ಒಂದು ಚಿತ್ರ ಪ್ರಕಟಿಸಿದರು. ನಿಕ್ಕಲ್ ಹರಳಿನ ಮೇಲೆ 35 ಜೆನಾನ್ ಪರಮಾಣುಗಳನ್ನು ಒಂದೊಂದಾಗಿ ಜರುಗಿಸಿ ತಮ್ಮ ಸಂಸ್ಥೆಯ ಹೆಸರನ್ನು ಬರೆದಿದ್ದರು. ಅದಕ್ಕೆ ಹಿಡಿದ ಸಮಯ ಸುಮಾರು 22 ಗಂಟೆ, ಅಂದರೆ ಒಂದು ಪರಮಾಣುವಿಗೆ ಸರಾಸರಿ 38 ನಿಮಿಷ. ಇನ್ನೊಂದು ತುದಿಯಲ್ಲಿ, ಚಿಪ್ ಕಾರ್ಖಾನೆಗಳಲ್ಲಿರುವ 193 ನ್ಯಾನೋಮೀಟರ್ ತರಂಗಾಂತರದ ಇಮ್ಮರ್ಶನ್ ಸ್ಕ್ಯಾನರ್‌ಗಳು 300 ಮಿಲಿಮೀಟರ್ ವ್ಯಾಸದ ವೇಫರ್‌ಗಳನ್ನು ಗಂಟೆಗೆ 275ಕ್ಕೂ ಹೆಚ್ಚು ಮುಗಿಸಿ ಹೊರಗೆ ಕಳಿಸುತ್ತವೆ. ನ್ಯಾನೋ ತಂತ್ರಜ್ಞಾನದಲ್ಲಿ ವಿನ್ಯಾಸ ಮೂಡಿಸುವ ಎಲ್ಲ ವಿಧಾನಗಳೂ ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ. ಪ್ರಯೋಗಾಲಯದಲ್ಲಿ ಗೆದ್ದ ಸಾಧನವೊಂದು ಮಾರುಕಟ್ಟೆ ಮುಟ್ಟುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅದು ಎಲ್ಲಿ ನಿಂತಿದೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ.

ಗೆರೆ ಎಷ್ಟು ಸಣ್ಣದು ಎಂಬ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಆ ಗೆರೆಯನ್ನು ಎಷ್ಟು ವಿಸ್ತೀರ್ಣದಲ್ಲಿ, ಎಷ್ಟು ಹೊತ್ತಿನಲ್ಲಿ, ಎಷ್ಟು ದೋಷಗಳೊಂದಿಗೆ ಎಳೆಯಬಹುದು ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ. ಈ ಲೇಖನದ ವಾದ ಇಷ್ಟು: ಥ್ರೂಪುಟ್ ಹೆಚ್ಚಿಸುವ ಪ್ರಯತ್ನಗಳಲ್ಲಿ ನಿಜವಾಗಿ ಫಲ ಕೊಟ್ಟವು ನಿಧಾನವಾದ ಬರವಣಿಗೆಯನ್ನು ಒಂದೇ ಸಲ ಮಾಡಿ ಮುಗಿಸುವ ಜಾಗಕ್ಕೆ ಸರಿಸಿದವು. ಪ್ರತಿ ವೇಫರಿನ ಮೇಲೂ ಬರೆಯುತ್ತಲೇ ವೇಗ ಹೆಚ್ಚಿಸಲು ಹೊರಟವು ಒಂದಲ್ಲ ಒಂದು ಭೌತಿಕ ಗೋಡೆಗೆ ತಾಗಿ ನಿಂತಿವೆ. ಆ ಗೋಡೆಗಳು ಮೂರು: ಕಣಗಳ ಸಂಖ್ಯೆ, ದತ್ತಾಂಶದ ಹರಿವು, ಯಂತ್ರದ ಚಲನೆ.

ಕಣಗಳ ಲೆಕ್ಕ

ಎಲೆಕ್ಟ್ರಾನ್ ಕಿರಣದಿಂದ ಬರೆಯುವ ಇ-ಬೀಮ್ ಲಿಥೊಗ್ರಫಿಯಲ್ಲಿ ಬರೆಯಲು ಬೇಕಾದ ಕನಿಷ್ಠ ಸಮಯ ತಿಳಿಯುವುದು ಸುಲಭ. ರೆಸಿಸ್ಟಿಗೆ ಬೇಕಾದ ಡೋಸನ್ನು ಬರೆಯಬೇಕಾದ ವಿಸ್ತೀರ್ಣದಿಂದ ಗುಣಿಸಿ, ಕಿರಣದ ಕರೆಂಟಿನಿಂದ ಭಾಗಿಸಿದರೆ ಆಯಿತು. ಡೋಸ್ ಎಷ್ಟಿರಬೇಕು ಎಂಬುದನ್ನು ಮಾತ್ರ ರೆಸಿಸ್ಟಿನ ರಸಾಯನವೊಂದೇ ತೀರ್ಮಾನಿಸುವುದಿಲ್ಲ, ಸಂಖ್ಯಾಶಾಸ್ತ್ರವೂ ತೀರ್ಮಾನಿಸುತ್ತದೆ. ಎಲೆಕ್ಟ್ರಾನ್‌ಗಳು ಎಣಿಸಿಟ್ಟಂತೆ ಬಂದು ಬೀಳುವುದಿಲ್ಲ. ಒಂದು ಬಿಂದುವಿಗೆ ಸರಾಸರಿ 400 ಎಲೆಕ್ಟ್ರಾನ್ ಬೀಳುವಂತಿದ್ದರೆ, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸುಮಾರು 20ರಷ್ಟು ಏರಿಳಿತ ಇದ್ದೇ ಇರುತ್ತದೆ. ಇದು ಶೇ. 5ರಷ್ಟು ಸದ್ದು. ಗೆರೆಯ ಅಂಚು ಒರಟಾಗುವುದಕ್ಕೆ ಇದೇ ಮೂಲ.

ಈ ಶೇ. 5ನ್ನೇ ಮಿತಿಯಾಗಿ ಇಟ್ಟುಕೊಂಡು 10 ನ್ಯಾನೋಮೀಟರ್ ಬದಿಯ ಚೌಕಾಕಾರದ ಬಿಂದುವಿಗೆ ಲೆಕ್ಕ ಹಾಕೋಣ. 400 ಎಲೆಕ್ಟ್ರಾನ್ ಎಂದರೆ ಚದರ ಸೆಂಟಿಮೀಟರಿಗೆ 64 ಮೈಕ್ರೊಕೂಲಂಬ್ ಡೋಸ್. 300 ಮಿಲಿಮೀಟರ್ ವೇಫರಿನ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ಇಡೀ ವೇಫರನ್ನು ತುಂಬಲು ಸುಮಾರು 0.045 ಕೂಲಂಬ್ ವಿದ್ಯುದಂಶ ಬೇಕು. ಕಿರಣದ ಕರೆಂಟ್ 1 ನ್ಯಾನೋಆಂಪಿಯರ್ ಇದ್ದರೆ ಇದಕ್ಕೆ 524 ದಿನ ಹಿಡಿಯುತ್ತದೆ. ಬಿಂದುವಿನ ಬದಿಯನ್ನು 5 ನ್ಯಾನೋಮೀಟರಿಗೆ ಇಳಿಸಿದರೆ ಅದೇ 400 ಎಲೆಕ್ಟ್ರಾನ್‌ಗಳು ನಾಲ್ಕರಲ್ಲಿ ಒಂದು ಪಾಲು ಜಾಗಕ್ಕೆ ಬೀಳಬೇಕು. ಡೋಸ್ ನಾಲ್ಕು ಪಟ್ಟಾಗುತ್ತದೆ, ಸಮಯವೂ ನಾಲ್ಕು ಪಟ್ಟಾಗುತ್ತದೆ.

ಅದೂ ಕರೆಂಟ್ ಬದಲಾಗದಿದ್ದರೆ ಮಾತ್ರ. ಸಣ್ಣ ಬಿಂದು ಬೇಕೆಂದರೆ ಕಿರಣವನ್ನು ಸಣ್ಣದಾಗಿ ಕೇಂದ್ರೀಕರಿಸಬೇಕು. ಮಸೂರದ ಗೋಳೀಯ ದೋಷವೇ ಮಿತಿಯಾಗಿರುವ ಸಾಧನದಲ್ಲಿ ಕಿರಣದ ವ್ಯಾಸ ಅರ್ಧಕ್ಕೆ ಇಳಿದಾಗ ಸಿಗುವ ಕರೆಂಟ್ ವ್ಯಾಸದ 8/3ನೇ ಘಾತದಂತೆ ಕುಸಿಯುತ್ತದೆ, ಅಂದರೆ ಸುಮಾರು ಆರೂಕಾಲು ಪಟ್ಟು ಕಡಿಮೆಯಾಗುತ್ತದೆ. ಡೋಸಿನ ನಾಲ್ಕು ಪಟ್ಟು, ಕರೆಂಟಿನ ಆರೂಕಾಲು ಪಟ್ಟು ಎರಡನ್ನೂ ಗುಣಿಸಿದರೆ ನಷ್ಟ ಸುಮಾರು 25 ಪಟ್ಟು. ಡೊನಾಲ್ಡ್ ಟೆನೆಂಟ್ 1999ರಲ್ಲಿ ಬೇರೆ ಬೇರೆ ಲಿಥೊಗ್ರಫಿ ವಿಧಾನಗಳ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಇಟ್ಟು ನೋಡಿದಾಗ, ಒಂದು ಘಟಕ ಸಮಯದಲ್ಲಿ ಬರೆಯಬಹುದಾದ ವಿಸ್ತೀರ್ಣ ರೆಸಲ್ಯೂಶನ್ನಿನ ಐದನೇ ಘಾತಕ್ಕೆ ಅನುಪಾತದಲ್ಲಿರುವುದು ಕಂಡುಬಂತು. ಗೆರೆ ಅರ್ಧವಾದರೆ ವೇಗ 32 ಪಟ್ಟು ಇಳಿಯುತ್ತದೆ ಎಂದು ಇದರ ಅರ್ಥ. ಇದು ಅಂಕಿಗಳಿಂದ ಹೊರಟ ಅನುಭವಜನ್ಯ ನಿಯಮ. ಮೇಲಿನ 25 ಪಟ್ಟಿನ ಲೆಕ್ಕ ಒಂದೇ ಕಿರಣದ ಸಾಧನಕ್ಕೆ ಮಾತ್ರ ಅನ್ವಯಿಸುವಂಥದು. ಎರಡೂ ಇಷ್ಟು ಹತ್ತಿರ ಬರುವುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಟೆನೆಂಟರ ನಿಯಮದ ಹಿಂದೆ ಬಹುಪಾಲು ಇರುವುದು ಕಣಗಳ ಎಣಿಕೆ ಮತ್ತು ಕಿರಣದ ಪ್ರಖರತೆ.

ಒಂದು ಚದರ ಸೆಂಟಿಮೀಟರ್

ಕಾರ್ಖಾನೆಯ ಲೆಕ್ಕ ದೊಡ್ಡದಾಯಿತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಕೆಲಸದ ಅಳತೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿರುವ ರಾಷ್ಟ್ರೀಯ ನ್ಯಾನೋಫ್ಯಾಬ್ರಿಕೇಶನ್ ಕೇಂದ್ರದಂಥ ಸೌಲಭ್ಯಗಳನ್ನು ಹಲವು ಸಂಸ್ಥೆಗಳ ಸಂಶೋಧಕರು ಹಂಚಿಕೊಂಡು ಬಳಸುತ್ತಾರೆ. ದೇಶದ ಬೇರೆ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇಂಥ ಬಾಗಿಲು ತೆರೆಯಲೆಂದೇ 2008ರಿಂದ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿಗಳಲ್ಲಿ ನ್ಯಾನೋಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ನಡೆಯಿತು. ಹಂಚಿಕೆಯ ಯಂತ್ರದಲ್ಲಿ ಥ್ರೂಪುಟ್ ಎಂದರೆ ಸರದಿಯಲ್ಲಿ ಕಾದಿರುವ ಇನ್ನೊಬ್ಬರ ಪಿಎಚ್‌ಡಿ.

ನ್ಯಾನೋ ಗಾತ್ರದ ಕಂಬಗಳಿಂದ ಬೆಳಕನ್ನು ಕೇಂದ್ರೀಕರಿಸುವ ಮೆಟಾಲೆನ್ಸ್ ಒಂದನ್ನು ಮಾಡಬೇಕು ಎಂದುಕೊಳ್ಳಿ. ಒಂದು ಚದರ ಸೆಂಟಿಮೀಟರ್ ಜಾಗ, ಅದರಲ್ಲಿ ನಾಲ್ಕನೇ ಒಂದು ಪಾಲನ್ನು ಬರೆಯಬೇಕು, ಡೋಸ್ ಚದರ ಸೆಂಟಿಮೀಟರಿಗೆ 500 ಮೈಕ್ರೊಕೂಲಂಬ್. ಬೇಕಾದ ಒಟ್ಟು ವಿದ್ಯುದಂಶ 125 ಮೈಕ್ರೊಕೂಲಂಬ್. 1 ನ್ಯಾನೋಆಂಪಿಯರ್ ಕರೆಂಟಿನಲ್ಲಿ 1,25,000 ಸೆಕೆಂಡು, ಅಂದರೆ ಸುಮಾರು 35 ಗಂಟೆ. 10 ನ್ಯಾನೋಆಂಪಿಯರಿನಲ್ಲಿ ಮೂರೂವರೆ ಗಂಟೆ, 100 ನ್ಯಾನೋಆಂಪಿಯರಿನಲ್ಲಿ ಬರೀ 21 ನಿಮಿಷ. ಹಾಗಾದರೆ 100ಕ್ಕೆ ಏರಿಸಿ ಮುಗಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಮೊದಲ ಅಡ್ಡಿ ಇಲ್ಲೇ ಎದುರಾಗುತ್ತದೆ.

ಕಿರಣ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೆಜ್ಜೆ ಹಾಕುತ್ತಾ ಹೋಗುತ್ತದೆ. ಹೆಜ್ಜೆಯ ಅಂತರ 5 ನ್ಯಾನೋಮೀಟರ್ ಆಗಿದ್ದರೆ ಪ್ರತಿ ಬಿಂದುವಿಗೆ ಸುಮಾರು 780 ಎಲೆಕ್ಟ್ರಾನ್ ಸಾಕು. 1 ನ್ಯಾನೋಆಂಪಿಯರ್ ಕರೆಂಟಿನಲ್ಲಿ ಅಷ್ಟು ಎಲೆಕ್ಟ್ರಾನ್ ಸುರಿಯಲು 125 ನ್ಯಾನೋಸೆಕೆಂಡು ಬೇಕು, ಅಂದರೆ ಸೆಕೆಂಡಿಗೆ 80 ಲಕ್ಷ ಬಿಂದು. ಪ್ಯಾಟರ್ನ್ ಜನರೇಟರಿಗೆ ಇದು ಲೀಲಾಜಾಲ. ಕರೆಂಟ್ 100 ನ್ಯಾನೋಆಂಪಿಯರ್ ಆದಾಗ ಪ್ರತಿ ಬಿಂದುವಿನಲ್ಲಿ 1.25 ನ್ಯಾನೋಸೆಕೆಂಡು ಮಾತ್ರ ನಿಲ್ಲಬೇಕು, ಸೆಕೆಂಡಿಗೆ 80 ಕೋಟಿ ಬಿಂದು. 100 ಮೆಗಾಹರ್ಟ್ಸ್ ವೇಗದ ಜನರೇಟರ್ ಇದನ್ನು ಮಾಡಲಾರದು. ಅದರ ಕನಿಷ್ಠ ನಿಲುಗಡೆ 10 ನ್ಯಾನೋಸೆಕೆಂಡು. ಡೋಸ್ ಮೀರದಿರಬೇಕಾದರೆ ಹೆಜ್ಜೆಯನ್ನು ಸುಮಾರು 14 ನ್ಯಾನೋಮೀಟರಿಗೆ ಹಿಗ್ಗಿಸಬೇಕು. ಕಂಬಗಳ ವ್ಯಾಸ 100 ನ್ಯಾನೋಮೀಟರ್ ಇರುವ ವಿನ್ಯಾಸದಲ್ಲಿ ಇದು ಅಂಚಿಗೆ ಕೊಡುವ ಪೆಟ್ಟು ಸಣ್ಣದಲ್ಲ. ಹೆಚ್ಚು ಕರೆಂಟಿನಲ್ಲಿ ಕಿರಣವೂ ಅಗಲವಾಗುತ್ತದೆ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಎರಡನೆಯ ಅಡ್ಡಿ ಯಂತ್ರದ ಚಲನೆಯದು. ಕಿರಣವನ್ನು ವಿಚಲನೆ ಮಾಡಿ ಬರೆಯಬಹುದಾದ ಫೀಲ್ಡ್ ಸಣ್ಣದು. ಅದು ಮುಗಿದ ಮೇಲೆ ಸ್ಟೇಜ್ ಸರಿದು, ನಿಂತು, ಅಲುಗಾಟ ಅಡಗಬೇಕು. ಫೀಲ್ಡಿನ ಬದಿ 500 ಮೈಕ್ರೊಮೀಟರ್ ಆಗಿದ್ದರೆ ಒಂದು ಚದರ ಸೆಂಟಿಮೀಟರಿಗೆ 400 ಫೀಲ್ಡ್. ಪ್ರತಿ ಸಲಕ್ಕೆ ಒಂದು ಸೆಕೆಂಡು ಎಂದರೂ ಏಳು ನಿಮಿಷಕ್ಕಿಂತ ಕಡಿಮೆ. ಬದಿಯನ್ನು 100 ಮೈಕ್ರೊಮೀಟರಿಗೆ ಇಳಿಸಿದರೆ ಫೀಲ್ಡುಗಳು 10,000, ಸ್ಟೇಜಿನ ಚಲನೆಗೇ ಸುಮಾರು 2 ಗಂಟೆ 47 ನಿಮಿಷ. ಆಗ ಬರೆಯುವ ಸಮಯ 21 ನಿಮಿಷಕ್ಕೆ ಇಳಿದರೂ ಪ್ರಯೋಜನವಿಲ್ಲ, ಒಟ್ಟು ಸಮಯ ಮೂರು ಗಂಟೆಯ ಮೇಲೆಯೇ ಇರುತ್ತದೆ. ದೊಡ್ಡ ಫೀಲ್ಡಿನಲ್ಲಿ ಅಂಚಿನ ವಿರೂಪ ಹೆಚ್ಚು, ಸಣ್ಣ ಫೀಲ್ಡಿನಲ್ಲಿ ಹೊಲಿಗೆಯ ದೋಷಗಳ ಸಂಖ್ಯೆ ಹೆಚ್ಚು. ಎಲ್ಲರಿಗೂ ಹೊಂದುವ ಒಂದೇ ಫೀಲ್ಡ್ ಗಾತ್ರವಿಲ್ಲ.

ಇಷ್ಟರಲ್ಲೂ ಬಳಕೆದಾರರ ಕೈಯಲ್ಲೇ ಇರುವ ಉಳಿತಾಯಗಳು ಬಹಳ. ದೊಡ್ಡ ಆಕೃತಿಗಳನ್ನು ಒಳಭಾಗ ಮತ್ತು ಅಂಚು ಎಂದು ಒಡೆದು, ಒಳಭಾಗವನ್ನು ಹೆಚ್ಚು ಕರೆಂಟಿನಲ್ಲಿ, ಅಂಚಿನ ಪಟ್ಟಿಯನ್ನು ಮಾತ್ರ ಕಡಿಮೆ ಕರೆಂಟಿನಲ್ಲಿ ಬರೆಯಬಹುದು. ಸಂಪರ್ಕ ಪ್ಯಾಡುಗಳನ್ನು ಇ-ಬೀಮಿನಲ್ಲಿ ಬರೆಯುವುದೇ ಬೇಡ, ಅವುಗಳಿಗೆ ಲೇಸರ್ ರೈಟರ್ ಅಥವಾ ಸಾಮಾನ್ಯ ಮಾಸ್ಕ್ ಅಲೈನರ್ ಸಾಕು. ಮುಚ್ಚಬೇಕಾದ ಜಾಗ ಕಡಿಮೆಯೋ ತೆರೆಯಬೇಕಾದ ಜಾಗ ಕಡಿಮೆಯೋ ನೋಡಿಕೊಂಡು ಪಾಸಿಟಿವ್ ಅಥವಾ ನೆಗೆಟಿವ್ ರೆಸಿಸ್ಟ್ ಆರಿಸಿದರೆ ಬರೆಯುವ ವಿಸ್ತೀರ್ಣ ಎಷ್ಟೋ ಇಳಿಯುತ್ತದೆ. ರಾಸಾಯನಿಕವಾಗಿ ವರ್ಧಿಸುವ ರೆಸಿಸ್ಟುಗಳಲ್ಲಿ ಒಂದು ಎಲೆಕ್ಟ್ರಾನ್ ಹುಟ್ಟಿಸಿದ ಆಮ್ಲ ಬೇಯಿಸುವ ಹಂತದಲ್ಲಿ ಹಲವು ಕ್ರಿಯೆಗಳನ್ನು ನಡೆಸುವುದರಿಂದ ಡೋಸ್ ತೀರ ಕಡಿಮೆ ಸಾಕಾಗುತ್ತದೆ. ಆದರೆ ಆ ಆಮ್ಲ ಹರಡುವ ದೂರವೇ ಗೆರೆಯನ್ನು ಮಸುಕು ಮಾಡುತ್ತದೆ. ರೆಸಲ್ಯೂಶನ್, ಅಂಚಿನ ನಯ, ಸಂವೇದನೆ ಈ ಮೂರರಲ್ಲಿ ಎರಡನ್ನು ಗಳಿಸಿದರೆ ಮೂರನೆಯದನ್ನು ಬಿಟ್ಟುಕೊಡಬೇಕು ಎಂಬುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ಮಾತು. ರೆಸಿಸ್ಟಿನ ಬಗ್ಗೆ ಬರುವ ಪ್ರಕಟಣೆಗಳು ಮೂರನ್ನೂ ಒಟ್ಟಿಗೆ ಕೊಡದಿದ್ದರೆ ಅವುಗಳನ್ನು ಅನುಮಾನದಿಂದಲೇ ಓದಬೇಕು.

ಒಂದರ ಬದಲು ಸಾವಿರಾರು ಕಿರಣ

ಒಂದು ಕಿರಣ ಸಾಲದಿದ್ದರೆ ಹಲವು ಕಿರಣ. ಆಲೋಚನೆ ಸರಳ, ಜಾರಿಗೆ ತರುವುದು ಕಷ್ಟ. ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ. ಒಂದೇ ಕೊಳವೆಯಲ್ಲಿ ಕರೆಂಟ್ ಹೆಚ್ಚಿಸುತ್ತಾ ಹೋದರೆ ಈ ಕೂಲಂಬ್ ವಿಕರ್ಷಣೆಯಿಂದ ಕಿರಣ ಹಿಗ್ಗುತ್ತದೆ, ಬಿಂದು ಮಸುಕಾಗುತ್ತದೆ. ಕರೆಂಟನ್ನು ಅಗಲವಾಗಿ ಹರಡಿ ಹರಿಸಬೇಕು, ಪ್ರತಿ ಕಿರಣವನ್ನೂ ಬೇರೆಯಾಗಿ ತೆರೆದು ಮುಚ್ಚಬೇಕು.

ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಿಂದ 2000ದಲ್ಲಿ ಹೊರಟ ಮ್ಯಾಪರ್ ಲಿಥೊಗ್ರಫಿ ಕಂಪನಿ 5 ಕಿಲೋವೋಲ್ಟಿನ 13,000ಕ್ಕೂ ಹೆಚ್ಚು ಕಿರಣಗಳಿಂದ ಮಾಸ್ಕೇ ಇಲ್ಲದೆ ನೇರವಾಗಿ ವೇಫರಿನ ಮೇಲೆ ಬರೆಯುವ ಯಂತ್ರ ಕಟ್ಟಲು ಹೊರಟಿತು. ಗಂಟೆಗೆ 10 ವೇಫರ್ ಗುರಿ, ಅಂಥ ಹತ್ತು ಯಂತ್ರ ಸೇರಿಸಿದರೆ ಗಂಟೆಗೆ 100. ವೇಫರಿನ ಮೇಲೆ 2 ನ್ಯಾನೋಮೀಟರ್ ಅಂತರದ ಬಿಂದುಗಳ ಜಾಲ ಹಾಸಿದರೆ ಒಂದು ವೇಫರಿನಲ್ಲಿ ಕೋಟಿಯನ್ನು ಕೋಟಿಯಿಂದ ಗುಣಿಸಿ ಬಂದದ್ದರ 177 ಪಟ್ಟು ಬಿಂದುಗಳಾಗುತ್ತವೆ. ಅವನ್ನೆಲ್ಲ ಒಂದು ಗಂಟೆಯಲ್ಲಿ ಬರೆಯಬೇಕಾದರೆ ಸೆಕೆಂಡಿಗೆ 4.9 ಲಕ್ಷ ಕೋಟಿ ಬಿಂದುಗಳ ಮಾಹಿತಿ ಕಿರಣಗಳಿಗೆ ತಲುಪಬೇಕು. ಗಂಟೆಗೆ 100 ವೇಫರ್ ಎಂದರೆ ಅದರ ನೂರು ಪಟ್ಟು. ನೇರ ಬರವಣಿಗೆಯಲ್ಲಿ ಈ ಮಾಹಿತಿ ಪ್ರತಿ ವೇಫರಿಗೂ ಮೊದಲಿನಿಂದ ಮತ್ತೆ ಹರಿಯಬೇಕು. ಜಾಲವನ್ನು ಸ್ವಲ್ಪ ಸಡಿಲ ಮಾಡಿ ಬೂದುಛಾಯೆಗಳಿಂದ ಅಂಚನ್ನು ಸರಿಹೊಂದಿಸಿದರೆ ಹೊರೆ ಇಳಿಯುತ್ತದಾದರೂ ತೊಂದರೆಯ ಗಾತ್ರ ಬದಲಾಗುವುದಿಲ್ಲ. ಮ್ಯಾಪರ್ 2018ರ ಡಿಸೆಂಬರಿನಲ್ಲಿ ದಿವಾಳಿಯಾಯಿತು, ಅದರ ಬೌದ್ಧಿಕ ಆಸ್ತಿಯನ್ನು ಲಿಥೊಗ್ರಫಿ ಯಂತ್ರಗಳ ತಯಾರಕ ಎಎಸ್‌ಎಂಎಲ್ ಕೊಂಡಿತು. ಅಷ್ಟು ವರ್ಷ ಅದಕ್ಕೆ ಬೆವರು ಸುರಿಸಿದವರ ಎಂಜಿನಿಯರಿಂಗ್ ಮಾತ್ರ ಮೊದಲ ದರ್ಜೆಯದು, ಅದನ್ನು ಗೌರವದಿಂದಲೇ ನೆನೆಯಬೇಕು.

ಅದೇ ಹೊತ್ತಿಗೆ ವಿಯೆನ್ನಾದ ಐಎಂಎಸ್ ನ್ಯಾನೋಫ್ಯಾಬ್ರಿಕೇಶನ್ 512 ಸಾಲು, 512 ಕಂಬದ ರಂಧ್ರಫಲಕದಿಂದ 2,62,144 ಕಿರಣಗಳನ್ನು ಹೊರಡಿಸಿ ಗೆದ್ದಿತು. ವ್ಯತ್ಯಾಸ ಒಂದೇ, ಆ ಯಂತ್ರ ಬರೆಯುವುದು ಮಾಸ್ಕನ್ನು. 50 ಕಿಲೋವೋಲ್ಟಿನ ಕಿರಣಗಳು ಕೊಳವೆಯ ಬಹುಭಾಗವನ್ನು ಅಗಲವಾಗಿಯೇ ದಾಟಿ, ಕೊನೆಯಲ್ಲಿ 200 ಪಟ್ಟು ಕುಗ್ಗಿ ಮಾಸ್ಕಿನ ಮೇಲೆ 20 ನ್ಯಾನೋಮೀಟರ್ ಗಾತ್ರದಲ್ಲಿ ಬೀಳುತ್ತವೆ. ಪ್ರತಿ ರಂಧ್ರದ ಬಳಿ ಪುಟ್ಟ ವಿದ್ಯುದಗ್ರಗಳಿವೆ. ವೋಲ್ಟೇಜ್ ಕೊಟ್ಟ ಕಿರಣ ಸ್ವಲ್ಪ ವಾಲಿ ಕೆಳಗಿನ ತಡೆಗೆ ಬಡಿದು ನಿಲ್ಲುತ್ತದೆ, ಕೊಡದ ಕಿರಣ ನೇರ ಇಳಿದು ಮಾಸ್ಕ್ ಮುಟ್ಟುತ್ತದೆ. ಒಂದು ಮಾಸ್ಕ್ ಸುಮಾರು 10 ಗಂಟೆಯಲ್ಲಿ ಮುಗಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಆ ಸಮಯ ವಿನ್ಯಾಸದ ಜಟಿಲತೆಯನ್ನು ಅವಲಂಬಿಸುವುದಿಲ್ಲ. ಹಿಂದಿನ ಯಂತ್ರಗಳು ಬದಲಾಗುವ ಗಾತ್ರದ ಆಯತಗಳನ್ನು ಒಂದೊಂದಾಗಿ ಮುದ್ರಿಸುತ್ತಿದ್ದವು. ಬಾಗಿದ ಅಂಚು ಬಂದರೆ ಅದನ್ನು ನೂರಾರು ಚಿಕ್ಕ ಆಯತಗಳಾಗಿ ಕತ್ತರಿಸಬೇಕಾಗಿ, ಬರೆಯುವ ಸಮಯ ದಿನಗಟ್ಟಲೆ ಎಳೆಯುತ್ತಿತ್ತು. ಬಹುಕಿರಣ ಯಂತ್ರಕ್ಕೆ ನೇರ ಗೆರೆಯೂ ಬಾಗಿದ ಗೆರೆಯೂ ಒಂದೇ. ಇದರಿಂದಾಗಿ ಬಾಗಿದ ಆಕೃತಿಯ ಮಾಸ್ಕುಗಳು ಪ್ರಾಯೋಗಿಕವಾದವು, ಅವು ವೇಫರಿನ ಮೇಲೆ ಪ್ರಕ್ರಿಯೆಯ ಅವಕಾಶವನ್ನು ಹಿಗ್ಗಿಸಿ ಒಳ್ಳೆಯ ಚಿಪ್ಪುಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ.

ಹತ್ತು ಗಂಟೆಯ ಆ ಮಾಸ್ಕ್ 10,000 ವೇಫರುಗಳಿಗೆ, ವೇಫರಿಗೆ 100 ಫೀಲ್ಡಿನಂತೆ ಬಳಕೆಯಾಯಿತು ಎಂದಿಟ್ಟುಕೊಂಡರೆ, ಪ್ರತಿ ಫೀಲ್ಡಿನ ಪಾಲಿಗೆ ಬರುವ ಬರವಣಿಗೆಯ ಸಮಯ 0.036 ಸೆಕೆಂಡು. ಮ್ಯಾಪರ್ ವೇಫರಿಗೊಂದರಂತೆ ತೆರಬೇಕಾಗಿದ್ದ ಬೆಲೆಯನ್ನು ಐಎಂಎಸ್ ಹತ್ತು ಲಕ್ಷ ಮುದ್ರಣಗಳಿಗೆ ಹಂಚಿಬಿಟ್ಟಿತು. ಮ್ಯಾಪರ್ ಸೋಲಿಗೆ ಹಣಕಾಸಿನ ಕಾರಣಗಳೂ ಇದ್ದಾವು. ಆದರೂ ಬಹುಕಿರಣ ತಂತ್ರಕ್ಕೆ ಸರಿಯಾದ ಜಾಗ ಮಾಸ್ಕ್ ಎಂಬುದು ಈ ಒಂದು ಭಾಗಾಕಾರದಿಂದಲೇ ಸ್ಪಷ್ಟ ಎಂದು ನಾನು ತಿಳಿದಿದ್ದೇನೆ.

ತವರದ ಹನಿ, ಎಣಿಸಬಹುದಾದ ಫೋಟಾನ್

ಮಾಸ್ಕಿನಿಂದ ವೇಫರಿಗೆ ನಕಲು ಇಳಿಸುವಾಗಲೂ ಕಣಗಳ ಗೋಡೆ ಹಾಗೇ ಇದೆ. 1986ರಲ್ಲಿ ಜಪಾನಿನ ಎನ್‌ಟಿಟಿಯಲ್ಲಿದ್ದ ಹಿರೋ ಕಿನೋಶಿತಾ ಬಹುಪದರ ಕನ್ನಡಿಗಳಿಂದ ಚಿತ್ರ ಮೂಡಿಸಿ ತೋರಿಸಿದಂದಿನಿಂದ 13.5 ನ್ಯಾನೋಮೀಟರಿನ ಇಯುವಿ (ತೀವ್ರ ಅತಿನೇರಳೆ) ಬೆಳಕು ಕಾರ್ಖಾನೆ ಮುಟ್ಟಲು ಮೂರು ದಶಕ ಹಿಡಿಯಿತು. ಆ ವಿಳಂಬದ ದೊಡ್ಡ ಪಾಲು ಬೆಳಕಿನ ಮೂಲದ ಶಕ್ತಿಯದು.

ಎಎಸ್‌ಎಂಎಲ್ ಯಂತ್ರದ ಬೆಳಕಿನ ಮೂಲದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಕರಗಿದ ತವರದ ಹನಿಗಳು, ಒಂದೊಂದೂ ಸುಮಾರು 25ರಿಂದ 30 ಮೈಕ್ರೊಮೀಟರ್ ವ್ಯಾಸದವು, ಸೆಕೆಂಡಿಗೆ 50,000ದಂತೆ ನಿರ್ವಾತದ ಕೋಣೆಯಲ್ಲಿ ಹಾರಿಬರುತ್ತವೆ. ಮೊದಲು ಒಂದು ಸಣ್ಣ ಲೇಸರ್ ಹೊಡೆತ ಹನಿಯನ್ನು ತೆಳ್ಳಗಿನ ತಟ್ಟೆಯಂತೆ ಚಪ್ಪಟೆಗೊಳಿಸುತ್ತದೆ. ಬೆನ್ನಿಗೇ ಇಂಗಾಲದ ಡೈಆಕ್ಸೈಡ್ ಲೇಸರಿನ ದೊಡ್ಡ ಹೊಡೆತ ಅದನ್ನು ಪ್ಲಾಸ್ಮಾ ಮಾಡುತ್ತದೆ. ಚಪ್ಪಟೆಯಾದ ಹನಿ ಲೇಸರ್ ಶಕ್ತಿಯನ್ನು ಹೆಚ್ಚು ಹೀರುವುದರಿಂದ, ಮೊದಲ ಹೊಡೆತ ಸೇರಿಸಿದ್ದೇ ಇಯುವಿ ಉತ್ಪತ್ತಿಯ ದಕ್ಷತೆ ಜಿಗಿಯಿತು. ಸಿಡಿದ ತವರ ಸಂಗ್ರಾಹಕ ಕನ್ನಡಿಗೆ ಮೆತ್ತದಂತೆ ಹೈಡ್ರೋಜನ್ ಅನಿಲ ಅದರೊಡನೆ ವರ್ತಿಸಿ ಅದನ್ನು ಅನಿಲರೂಪದಲ್ಲಿ ಒಯ್ಯುತ್ತದೆ. 2017ರಲ್ಲಿ 250 ವ್ಯಾಟ್ ಸಾಧ್ಯವೆಂದು ತೋರಿದ ಮೇಲೆ ಗಂಟೆಗೆ 125 ವೇಫರ್ ಎಂಬ ಗುರಿ ಕೈಗೆ ಬಂತು.

250 ವ್ಯಾಟಿನಲ್ಲಿ ವೇಫರ್ ಮುಟ್ಟುವುದು ಎಷ್ಟು? ಮಾಲಿಬ್ಡಿನಮ್ ಮತ್ತು ಸಿಲಿಕಾನ್ ಪದರಗಳ ಕನ್ನಡಿ ಹೆಚ್ಚೆಂದರೆ ಶೇ. 70ರಷ್ಟು ಪ್ರತಿಫಲಿಸುತ್ತದೆ. ಹತ್ತು ಪ್ರತಿಫಲನದ ಹೊತ್ತಿಗೆ ಉಳಿಯುವುದು ಶೇ. 3ಕ್ಕಿಂತ ಕಡಿಮೆ. ವೇಫರಿಗೆ 2 ವ್ಯಾಟ್ ತಲುಪುತ್ತದೆ ಎಂದುಕೊಳ್ಳಿ. ಡೋಸ್ ಚದರ ಸೆಂಟಿಮೀಟರಿಗೆ 30 ಮಿಲಿಜೂಲ್, ಫೀಲ್ಡ್ 26 ಗುಣಿಸು 33 ಮಿಲಿಮೀಟರ್, ವೇಫರಿಗೆ 96 ಫೀಲ್ಡ್ ಆದರೆ ಬೇಕಾದ ಶಕ್ತಿ ಸುಮಾರು 25 ಜೂಲ್, ಸಮಯ 12 ಸೆಕೆಂಡಿನ ಆಸುಪಾಸು. ಗಂಟೆಗೆ 160 ವೇಫರ್ ಎಂದರೆ ಒಂದಕ್ಕೆ ಇಪ್ಪತ್ತೆರಡೂವರೆ ಸೆಕೆಂಡು. ಉಳಿದ ಹತ್ತು ಸೆಕೆಂಡು ಸ್ಟೇಜಿನ ಚಲನೆಗೆ, ವೇಫರ್ ಬದಲಾವಣೆಗೆ. ಈಗ ಬೆಳಕಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಹನ್ನೆರಡು ಮಾತ್ರ ಆರಾಗುತ್ತದೆ, ಹತ್ತು ಹತ್ತಾಗಿಯೇ ಉಳಿಯುತ್ತದೆ. ಥ್ರೂಪುಟ್ ಏರುವುದು ಶೇ. 36ರಷ್ಟು. ಇಯುವಿ ಎಂದರೆ ಬೆಳಕಿನ ಮೂಲದ ಕಥೆ ಎಂಬ ಭಾವನೆ ಅರ್ಧ ಮಾತ್ರ ನಿಜ. ಒಂದು ವೇಫರನ್ನು ಅಳೆಯುತ್ತಿರುವಾಗಲೇ ಇನ್ನೊಂದನ್ನು ಬೆಳಕಿಗೆ ಒಡ್ಡುವ ಎರಡು ಸ್ಟೇಜುಗಳ ವ್ಯವಸ್ಥೆ ಆಪ್ಟಿಕ್ಸಿನಷ್ಟೇ ಮುಖ್ಯವಾದ ಆವಿಷ್ಕಾರ.

ನ್ಯೂಮರಿಕಲ್ ಅಪರ್ಚರನ್ನು 0.33ರಿಂದ 0.55ಕ್ಕೆ ಏರಿಸಿದ ಹೊಸ ತಲೆಮಾರಿನ ಯಂತ್ರದಲ್ಲಿ ಇದು ಇನ್ನೂ ಸ್ಪಷ್ಟ. ಅದರ ಆಪ್ಟಿಕ್ಸ್ ಒಂದು ದಿಕ್ಕಿನಲ್ಲಿ ನಾಲ್ಕು ಪಟ್ಟು, ಇನ್ನೊಂದರಲ್ಲಿ ಎಂಟು ಪಟ್ಟು ಕುಗ್ಗಿಸುವುದರಿಂದ ಫೀಲ್ಡ್ 26 ಗುಣಿಸು 16.5 ಮಿಲಿಮೀಟರಿಗೆ, ಅಂದರೆ ಅರ್ಧಕ್ಕೆ ಇಳಿಯಿತು. ಫೀಲ್ಡುಗಳ ಸಂಖ್ಯೆ ಇಮ್ಮಡಿ, ನಿಂತು ಹೊರಡುವ ಸಂಖ್ಯೆಯೂ ಇಮ್ಮಡಿ. ಆ ನಷ್ಟ ತುಂಬಲು ವೇಫರ್ ಸ್ಟೇಜ್ ಗುರುತ್ವದ 8 ಪಟ್ಟು, ಮಾಸ್ಕ್ ಸ್ಟೇಜ್ 32 ಪಟ್ಟು ವೇಗೋತ್ಕರ್ಷದಲ್ಲಿ ಓಡುವಂತೆ ಕಟ್ಟಬೇಕಾಯಿತು.

ಫೋಟಾನುಗಳ ಎಣಿಕೆಯನ್ನೂ ನೋಡಬೇಕು. 13.5 ನ್ಯಾನೋಮೀಟರಿನ ಒಂದು ಫೋಟಾನಿನ ಶಕ್ತಿ ಸುಮಾರು 92 ಎಲೆಕ್ಟ್ರಾನ್ ವೋಲ್ಟ್, 193 ನ್ಯಾನೋಮೀಟರಿನದು 6.4. ಅದೇ 30 ಮಿಲಿಜೂಲಿಗೆ ಇಮ್ಮರ್ಶನ್ ಬೆಳಕಿನಲ್ಲಿ ಪ್ರತಿ ಚದರ ನ್ಯಾನೋಮೀಟರಿಗೆ 290ರಷ್ಟು ಫೋಟಾನ್ ಬಿದ್ದರೆ ಇಯುವಿಯಲ್ಲಿ ಬೀಳುವುದು 20. ತೆಳುವಾದ ರೆಸಿಸ್ಟ್ ಅದರಲ್ಲಿ ಐದರಲ್ಲಿ ಒಂದು ಪಾಲನ್ನು ಹೀರಿಕೊಂಡರೆ ಕೆಲಸಕ್ಕೆ ಬರುವುದು ನಾಲ್ಕು. ಕೋಟ್ಯಂತರ ಸಂಪರ್ಕ ರಂಧ್ರಗಳಲ್ಲಿ ಯಾವುದೋ ಒಂದು ತೆರೆಯದೇ ಉಳಿಯುವ ಸಂಭವ ಇಲ್ಲಿಂದ ಹುಟ್ಟುತ್ತದೆ. ಅದನ್ನು ತಪ್ಪಿಸಲು ಡೋಸ್ ಏರಿಸಿದರೆ ವೇಗ ಇಳಿಯುತ್ತದೆ. ಆದ್ದರಿಂದ ಡೋಸ್ ಹೇಳದೆ ಕೊಟ್ಟ ವೇಫರ್ ಸಂಖ್ಯೆಗೆ ಅರ್ಥವಿಲ್ಲ.

ಮಾಸ್ಕಿನ ಮೇಲೆ ಧೂಳು ಕೂರದಂತೆ ಹೊದಿಸುವ ತೆಳ್ಳನೆಯ ಪೆಲಿಕಲ್ ಹಾಳೆಯದೂ ಇದೇ ಲೆಕ್ಕ. ಇಯುವಿ ಮಾಸ್ಕ್ ಬೆಳಕನ್ನು ಪ್ರತಿಫಲಿಸುವುದರಿಂದ ಬೆಳಕು ಪೆಲಿಕಲನ್ನು ಎರಡು ಸಲ ದಾಟಬೇಕು. ಶೇ. 90 ಪಾರದರ್ಶಕ ಹಾಳೆ ಹಾಕಿದರೂ ಉಳಿಯುವುದು ಶೇ. 81. ಗಂಟೆಗೆ ವೇಫರ್ ಎಂಬ ಅಳತೆಯಲ್ಲಿ ಇದು ಶುದ್ಧ ನಷ್ಟ. ಗಂಟೆಗೆ ಒಳ್ಳೆಯ ಚಿಪ್ ಎಂಬ ಅಳತೆಯಲ್ಲಿ, ಇಡೀ ಲಾಟನ್ನು ಹಾಳುಮಾಡುವ ಒಂದು ಧೂಳಿನ ಕಣವನ್ನು ತಡೆದರೆ, ಲಾಭ. ಅಳತೆ ಎರಡನೆಯದೇ ಆಗಿರಬೇಕು.

ಒತ್ತಿ ಮೂಡಿಸುವುದು

ಬರವಣಿಗೆಯನ್ನು ಒಂದೇ ಸಲಕ್ಕೆ ಸೀಮಿತಗೊಳಿಸುವ ತತ್ತ್ವವನ್ನು ಕೊನೆಯವರೆಗೂ ಒಯ್ದದ್ದು ನ್ಯಾನೋಇಂಪ್ರಿಂಟ್. 1995ರಲ್ಲಿ ಸ್ಟೀಫನ್ ಚೌ ಅವರ ತಂಡ ಬಿಸಿ ಮಾಡಿದ ಪಾಲಿಮರಿಗೆ ಅಚ್ಚು ಒತ್ತಿ 25 ನ್ಯಾನೋಮೀಟರ್ ಗಾತ್ರದ ವಿನ್ಯಾಸಗಳನ್ನು ಮೂಡಿಸಿತು. ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಾಂಟ್ ವಿಲ್ಸನ್ ಮತ್ತು ಸಂಗಡಿಗರು ಬಿಸಿಯ ಬದಲು ದ್ರವ ರೆಸಿಸ್ಟನ್ನು ಅಚ್ಚಿನೊಳಗೆ ತುಂಬಿಸಿ ಅತಿನೇರಳೆ ಬೆಳಕಿನಿಂದ ಗಟ್ಟಿಮಾಡುವ ದಾರಿ ಹಿಡಿದರು. ಅಲ್ಲಿಂದ ಹುಟ್ಟಿದ ಮಾಲಿಕ್ಯುಲರ್ ಇಂಪ್ರಿಂಟ್ಸ್ ಕಂಪನಿಯನ್ನು ಕ್ಯಾನನ್ 2014ರಲ್ಲಿ ಕೊಂಡು, 2023ರ ಅಕ್ಟೋಬರಿನಲ್ಲಿ ಕನಿಷ್ಠ 14 ನ್ಯಾನೋಮೀಟರ್ ಗೆರೆಯ ಇಂಪ್ರಿಂಟ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿ ಫೋಟಾನುಗಳ ಕೊರತೆಯಿಲ್ಲ, ದತ್ತಾಂಶದ ಹರಿವಿಲ್ಲ. ವೇಗಕ್ಕೆ ತಡೆಯಾಗಿ ನಿಂತದ್ದು ದ್ರವದ ಹರಿವು. ಇಂಕ್‌ಜೆಟ್ ನಳಿಕೆಗಳು ವಿನ್ಯಾಸದ ದಟ್ಟಣೆಗೆ ತಕ್ಕಂತೆ ರೆಸಿಸ್ಟಿನ ಹನಿಗಳನ್ನು ಇಡುತ್ತವೆ, ಅಚ್ಚು ಇಳಿಯುತ್ತದೆ, ಹನಿಗಳು ಹರಡಿ ಒಂದಾಗಬೇಕು, ನಡುವೆ ಸಿಕ್ಕಿಬಿದ್ದ ಅನಿಲ ಹೋಗಬೇಕು. ಬೇಗ ಕರಗಿ ನುಸುಳಿಹೋಗುವ ಹೀಲಿಯಮ್ಮನ್ನು ಬಳಸುವುದು ಇದಕ್ಕಾಗಿಯೇ. ಫೀಲ್ಡಿಗೆ ಅರ್ಧ ಸೆಕೆಂಡು ಉಳಿದರೆ ನೂರು ಫೀಲ್ಡಿನ ವೇಫರಿಗೆ 50 ಸೆಕೆಂಡು ಉಳಿಯುತ್ತದೆ. ಹನಿಗಳನ್ನು ಸಣ್ಣದಾಗಿ, ಹೆಚ್ಚು ಸಂಖ್ಯೆಯಲ್ಲಿ ಇಡುವ ಸಂಶೋಧನೆಗೆ ಇಷ್ಟು ಬೆಲೆ ಬಂದಿರುವುದು ಹೀಗೆ. ಬೆಲೆ ತೆರಬೇಕಾದ ಜಾಗ ಬೇರೆಯಿದೆ. ಅಚ್ಚಿನ ಅಳತೆ ಒಂದಕ್ಕೊಂದು, ಫೋಟೊಮಾಸ್ಕಿನ ನಾಲ್ಕು ಪಟ್ಟಿನ ಸಲುಗೆ ಇಲ್ಲ. ಮೇಲಾಗಿ ಅಚ್ಚು ವೇಫರನ್ನು ಮುಟ್ಟುವುದರಿಂದ ದೋಷ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಇ-ಬೀಮಿನಲ್ಲಿ ಬರೆದ ಮೂಲ ಅಚ್ಚಿನಿಂದ ಮರಿ ಅಚ್ಚುಗಳನ್ನು ತೆಗೆದು, ಸವೆದವನ್ನು ಬದಲಿಸುತ್ತಾ ಹೋಗುವುದು ಈಗಿರುವ ಪರಿಹಾರ. ನೆನಪಿನ ಚಿಪ್ಪುಗಳಂತೆ ಪುನರಾವರ್ತನೆ ಹೆಚ್ಚಿರುವ, ಕೆಲವು ದೋಷಗಳನ್ನು ಸಹಿಸುವ ಉತ್ಪನ್ನಗಳಿಗೆ ಇದು ಹೊಂದುತ್ತದೆ. ಬೆಳಕಿನ ಗ್ರೇಟಿಂಗ್ ಮತ್ತು ಮೆಟಾಲೆನ್ಸುಗಳಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಮೇಲೆ ಲೆಕ್ಕ ಹಾಕಿದ ಒಂದು ಚದರ ಸೆಂಟಿಮೀಟರಿನ ಮೆಟಾಲೆನ್ಸ್ ನೂರು ಬೇಕಾದಾಗ, ನೂರು ಸಲ ಇ-ಬೀಮಿಗೆ ಸರದಿ ನಿಲ್ಲುವುದು ನನ್ನ ಮಟ್ಟಿಗೆ ಸಮರ್ಥನೀಯವಲ್ಲ. ಒಂದನ್ನು ಬರೆದು ಉಳಿದ ತೊಂಬತ್ತೊಂಬತ್ತನ್ನು ಒತ್ತಿ ತೆಗೆಯಬೇಕು.

ತನ್ನಷ್ಟಕ್ಕೆ ಜೋಡಣೆಯಾಗುವ ಬ್ಲಾಕ್ ಕೋಪಾಲಿಮರುಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇಯಿಸುವ ಹಂತದಲ್ಲಿ ಇಡೀ ವೇಫರಿನ ಮೇಲೆ ಒಟ್ಟಿಗೆ ವಿನ್ಯಾಸ ಮೂಡಿಸುತ್ತವೆ. ಬಿಡಿಬಿಡಿಯಾಗಿ ಬರೆದ ಮಾರ್ಗಸೂಚಿಗಳ ನಡುವಿನ ಜಾಗವನ್ನು ಪಾಲಿಮರೇ ತುಂಬುವುದರಿಂದ ಬರೆಯಬೇಕಾದ ಬಿಂದುಗಳು ಕಡಿಮೆಯಾಗುತ್ತವೆ. ಇಯುವಿ ಒರಟಾಗಿ ಬಿಟ್ಟ ಅಂಚನ್ನು ಇವು ನಯಗೊಳಿಸಬಲ್ಲವಾದ್ದರಿಂದ ಕಡಿಮೆ ಡೋಸಿನಲ್ಲಿ ಬರೆದು ಆಮೇಲೆ ತಿದ್ದುವ ಸಾಧ್ಯತೆ ತೆರೆದಿದೆ. ದೋಷಗಳ ಸಂಖ್ಯೆ ಇನ್ನೂ ಇದರ ಕಾಲೆಳೆಯುತ್ತಿದೆ. ಇನ್ನೊಂದು ದಾರಿ ಮೊನೆಯಿಂದ ಅಣುಗಳನ್ನು ನೇರವಾಗಿ ಬರೆಯುವ ಡಿಪ್-ಪೆನ್: ಚಾಡ್ ಮಿರ್ಕಿನ್ ಅವರ ತಂಡ 2006ರಲ್ಲಿ 55,000 ಮೊನೆಗಳ ಸಾಲಿನಿಂದ ಏಕಕಾಲಕ್ಕೆ ಅಂಥ ಬರವಣಿಗೆ ನಡೆಸಿ ತೋರಿಸಿತು. ಜೈವಿಕ ಅಣುಗಳನ್ನು ಜೋಡಿಸಬೇಕಾದವರಿಗೆ ಅದು ಬೆಲೆಯುಳ್ಳದ್ದು.

ಬರೆಯುವುದೇ ಬೇಡವೆನ್ನಿಸುವ ಸಂದರ್ಭಗಳೂ ಇವೆ. ಬೆಂಗಳೂರಿನಲ್ಲಿ ಜಿ. ಯು. ಕುಲಕರ್ಣಿ ಅವರ ತಂಡ ಒಣಗಿದ ತೆಳುಪದರದಲ್ಲಿ ತಾನಾಗಿ ಬೀಳುವ ಬಿರುಕುಗಳ ಜಾಲವನ್ನೇ ಮಾಸ್ಕಿನಂತೆ ಬಳಸಿತು. ಬಿರುಕಿನೊಳಗೆ ಲೋಹ ಇಳಿಸಿ, ಪದರವನ್ನು ತೊಳೆದರೆ ಪಾರದರ್ಶಕ ವಿದ್ಯುದಗ್ರ ಸಿದ್ಧ. ಗೆರೆಗಳು ಮೈಕ್ರೊಮೀಟರ್ ಮಟ್ಟದವು, ಅವುಗಳ ಜಾಗ ನಮ್ಮ ಇಷ್ಟದಂತೆ ಇರುವುದಿಲ್ಲ. ಆದರೆ ಪಾರದರ್ಶಕ ವಿದ್ಯುದಗ್ರಕ್ಕೆ ಗೆರೆ ಎಲ್ಲಿದೆ ಎಂಬುದು ಮುಖ್ಯವೇ ಅಲ್ಲ, ಎಲ್ಲ ಗೆರೆಗಳೂ ಒಂದಕ್ಕೊಂದು ಕೂಡಿದ್ದರೆ ಸಾಕು. ಸಾಧನಕ್ಕೆ ಬೇಡವಾದ ನಿಖರತೆಗೆ ಸಮಯ ಸುರಿಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನೆರೆಯಲ್ಲಿ ಸಿಗಲಾರದು.

ಕಾರ್ಖಾನೆಯ ಯಂತ್ರಗಳು ನಮ್ಮ ಕೈಗೆ ದೂರದವು. ಹಂಚಿಕೆಯ ಇ-ಬೀಮ್ ಹತ್ತಿರದ್ದು. ಅದರಲ್ಲಿ ಬರೆದ ಕೆಲಸದ ಬಗ್ಗೆ ಪ್ರಕಟವಾಗುವ ಲೇಖನಗಳಲ್ಲಿ ಗೆರೆಯ ಅಗಲವನ್ನು ಚಿತ್ರಸಮೇತ ತೋರಿಸಿ, ಅದನ್ನು ಬರೆಯಲು ಹಿಡಿದ ಸಮಯದ ಬಗ್ಗೆ ಒಂದು ಸಾಲೂ ಇಲ್ಲದಿರುವುದು ವಾಡಿಕೆಯಾಗಿಬಿಟ್ಟಿದೆ. ಹಾಗಿರುವಾಗ ಮುಂದಿನ ಸಂಶೋಧಕರು ಅದೇ ಪ್ರಯೋಗಗಳನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ಈ ಪತ್ರಿಕೆಗೆ ಬರೆಯುವವರಲ್ಲೂ ಬಂದ ಲೇಖನಗಳನ್ನು ಪರಿಶೀಲಿಸುವವರಲ್ಲೂ ನನ್ನ ವಿನಂತಿ ಇಷ್ಟೇ: ವಿಧಾನದ ವಿಭಾಗದಲ್ಲಿ ಡೋಸ್, ಕರೆಂಟ್, ಹೆಜ್ಜೆಯ ಅಂತರ, ಫೀಲ್ಡಿನ ಗಾತ್ರ, ಬರೆದ ವಿಸ್ತೀರ್ಣ ಮತ್ತು ಸ್ಟೇಜಿನ ಚಲನೆಯೂ ಸೇರಿ ಹಿಡಿದ ಒಟ್ಟು ಸಮಯವನ್ನು ಕಡ್ಡಾಯವಾಗಿ ಬರೆಯಿರಿ, ಬರೆಯದವರನ್ನು ಕೇಳಿ ಬರೆಸಿ.